ಉಕ್ಕಿನ ಕವಚದ ‘ಡುಯಿಲಿಯೋ’

1866ನೆಯ ಇಸವಿ ಜುಲೈ 20ರಂದು ಏಡ್ರಿಯಾಟಿಕ್ ಸಮುದ್ರದ ಲಿಸ್ಸಾ ದ್ವೀಪದ ಬಳಿ ಇಟಲಿಗೂ ಆಸ್ಟ್ರಿಯಕ್ಕೂ ನೌಕಾಯುದ್ಧ ನಡೆಯಿತು. ಈ ದ್ವೀಪಕ್ಕೆ ಈಗ ವಿಸ್ ಎಂದು ಹೆಸರು. ಅದು ಕ್ರೊಯೇಷಿಯ ದೇಶಕ್ಕೆ ಸೇರಿದೆ. ಎರಡು ಪಕ್ಷಗಳಲ್ಲಿಯೂ ಕಬ್ಬಿಣದ ಕವಚ ತೊಟ್ಟ ಉಗಿಹಡಗುಗಳಿದ್ದುವು. ಫಿರಂಗಿಗಳು ಎಷ್ಟು ಆರ್ಭಟಿಸಿದರೂ ಗುಂಡುಗಳು ಕವಚಕ್ಕೆ ಬಡಿದು ಹಿಂದೆ ಸಿಡಿಯುತ್ತಿದ್ದುವೇ ಹೊರತು ಅದನ್ನು ಭೇದಿಸಲಾರದೆ ಹೋದುವು. ಕೊನೆಗೆ ಆಸ್ಟ್ರಿಯದ ಸೇನಾಪತಿ ಟೆಗೆಟ್‌ಹಾಫ್ ತನ್ನ ಹಡಗಿನ ಮೂತಿಯನ್ನೇ ಆಯುಧವಾಗಿ ಮಾಡಿಕೊಂಡು ಇಟಲಿಯ ‘ರೇ ದಿತಾಲಿಯ’ ಎಂಬ ನೌಕೆಯ ಪಕ್ಕೆಗೆ ಹಾಯಿಸಿಬಿಟ್ಟನು. ಕೆಲವೇ ನಿಮಿಷಗಳಲ್ಲಿ ಆ ನೌಕೆ ಮುಳುಗಿತು. ಅದರೊಡನೆ ಸುಮಾರು 400 ಜನ ನಾವಿಕರು ನೀರುಪಾಲಾದರು. ‘ಪಾಲೆಸ್ಟ್ರೋ’ ಎಂಬ ಮತ್ತೊಂದು ನೌಕೆ ಬೆಂಕಿ ಹತ್ತಿ ಸಿಡಿದುಹೋಯಿತು.

ಇಟಲಿ ಒಂದು ರಾಜ್ಯವಾಗಿ ಆಗಿನ್ನೂ ಐದು ವರ್ಷ. ಬೊಕ್ಕಸ ಬರಿದು, ಕರಾವಳಿ ಬಹು ಉದ್ದ, ಅವಮಾನ ಹೊಸದು. ಬಡವನಾದವನು ಶ್ರೀಮಂತ ನೆರೆಯವರೊಡನೆ ಹಡಗಿಗೆ ಹಡಗು ಸರಿಗಟ್ಟಲಾರನು. ಆದುದರಿಂದ 1873ರಲ್ಲಿ ನೌಕಾಮಂತ್ರಿಯಾದ ಸಾನ್‌ಬೋನ್ ಮತ್ತು ನೌಕಾಶಿಲ್ಪಿ ಬೆನೆಡೆಟ್ಟೋ ಬ್ರಿನ್ ಇವರಿಬ್ಬರೂ ಬೇರೊಂದು ದಾರಿ ಹಿಡಿದರು. ಹಳೆಯ ಹಡಗುಗಳನ್ನು ಮಾರುವುದು. ಕೆಲವೇ ಹಡಗುಗಳನ್ನು ಕಟ್ಟುವುದು. ಕಟ್ಟಿದ ಪ್ರತಿಯೊಂದೂ ಪ್ರಪಂಚದ ಯಾವ ಹಡಗಿಗಿಂತಲೂ ಬಲವಾಗಿರಬೇಕು ಎಂಬುದು ಅವರ ನಿಶ್ಚಯ. ಹಾಗೆ ಹುಟ್ಟಿದ ಮೊದಲ ನೌಕೆಯೇ ‘ಡುಯಿಲಿಯೋ’. ಕ್ರಿ. ಪೂ. 260ರಲ್ಲಿ ಕಾರ್ಥೇಜಿನವರನ್ನು ಸಮುದ್ರದಲ್ಲಿ ಸೋಲಿಸಿದ ರೋಮನ್ ಸೇನಾನಿಯ ಹೆಸರು ಅದು. ಲಿಸ್ಸಾದಲ್ಲಿ ಸೋತವರು ಆ ಹೆಸರನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ.

ನೇಪಲ್ಸ್ ಕೊಲ್ಲಿಯ ದಡದ ಕಾಸ್ಟೆಲ್ಲಮಾರೆ ಎಂಬಲ್ಲಿ 1873ರ ಏಪ್ರಿಲಿನಲ್ಲಿ ಕೆಲಸ ಮೊದಲಾಯಿತು. 1876ರ ಮೇ 8ರಂದು ಹಡಗನ್ನು ನೀರಿಗಿಳಿಸಿದರು. ಆದರೆ ಅದು ಪೂರ್ಣವಾಗಿ ಸಜ್ಜಾದುದು 1880ರ ಜನವರಿಯಲ್ಲಿ. ಉದ್ದ ಸುಮಾರು 109 ಮೀಟರ್, ಅಗಲ 19.7 ಮೀಟರ್, ತೂಕ ಸುಮಾರು 11,100 ಟನ್. ಹಾಯಿ ಇಲ್ಲವೇ ಇಲ್ಲ; ನಡುವೆ ಒಂದೇ ಒಂದು ಕಂಬ. ಅದನ್ನು ನಡೆಸಲು ಎಂಟು ಬಾಯ್ಲರುಗಳು, ಎರಡು ಸಂಯುಕ್ತ ಉಗಿಯಂತ್ರಗಳು, ಎರಡು ತಿರುಪು ಚಕ್ರಗಳು. ಸಂಯುಕ್ತ ಯಂತ್ರದಲ್ಲಿ ಉಗಿ ಮೊದಲು ಚಿಕ್ಕ ಸಿಲಿಂಡರಿನಲ್ಲಿ ಅರ್ಧ ವ್ಯಾಕೋಚಿಸಿ, ಅಲ್ಲಿಂದ ದೊಡ್ಡ ಸಿಲಿಂಡರಿಗೆ ಹೋಗಿ ಉಳಿದ ಕೆಲಸವನ್ನು ಮಾಡುತ್ತದೆ. ಒಂದೇ ಸಿಲಿಂಡರಿನ ಗೋಡೆ ಪ್ರತಿ ಸಲವೂ ಬಹಳವಾಗಿ ಕಾದು ಬಹಳವಾಗಿ ತಣ್ಣಗಾಗುವುದು ಇದರಿಂದ ತಪ್ಪುತ್ತದೆ, ಕಲ್ಲಿದ್ದಲು ಉಳಿಯುತ್ತದೆ. 7,711 ಅಶ್ವಶಕ್ತಿಯಲ್ಲಿ ಹಡಗು 15 ನಾಟ್ ವೇಗ ಪಡೆಯಿತು. 10 ನಾಟ್ ವೇಗದಲ್ಲಿ ಸಾಗಿದರೆ ಸುಮಾರು 7,000 ಕಿಲೋಮೀಟರ್ ದೂರ ಹೋಗಬಲ್ಲುದಾಗಿತ್ತು. ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ 10 ನಾಟ್ ನಡೆಗೆ ಪೂರ್ಣಶಕ್ತಿಯ ಮೂರರಲ್ಲೊಂದು ಪಾಲೂ ಬೇಕಿಲ್ಲ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಹಡಗಿನ ಹಿಂಭಾಗದಲ್ಲಿ ನೀರಿನ ಮಟ್ಟದಲ್ಲಿ ಒಂದು ಗೂಡನ್ನು ಮಾಡಿ, ಅದರೊಳಗೆ ಒಂದು ಚಿಕ್ಕ ಟಾರ್ಪೆಡೋ ದೋಣಿಯನ್ನು ಇಟ್ಟಿದ್ದರೆಂಬುದು ಒಂದು ಸ್ವಾರಸ್ಯ. ಲಿಸ್ಸಾದ ನೆನಪಿಗೆ ಮೂತಿಯಲ್ಲಿ ಇರಿಯುವ ಕೊಂಬೂ ಇತ್ತು. ಆದರೆ ಡುಯಿಲಿಯೋ ಪ್ರಸಿದ್ಧವಾದುದು ಇವುಗಳಿಂದಲ್ಲ, ಅದರ ಫಿರಂಗಿಗಳಿಂದ.

ಲಿಸ್ಸಾದಲ್ಲಿ ಗುಂಡು ಕವಚದ ಮುಂದೆ ಸೋತಿತು. ಹಾಗಾದರೆ ಯಾವ ಕವಚವೂ ತಡೆಯಲಾರದ ಗುಂಡು ಬೇಕು. ಮೊದಲ ನಕ್ಷೆಯಲ್ಲಿ ಇಷ್ಟು ದೊಡ್ಡ ಫಿರಂಗಿಗಳಿರಲಿಲ್ಲ. ಹಡಗು ಕಟ್ಟುತ್ತಿರುವಾಗಲೇ ಬೇರೆ ದೇಶಗಳವರು ದೊಡ್ಡದನ್ನು ಮಾಡಿದಂತೆಲ್ಲ ಬ್ರಿನ್ ತನ್ನ ನಕ್ಷೆಯನ್ನು ತಿದ್ದುತ್ತ ಹೋದನು. ಕೊನೆಗೆ ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಿಂದ ಒಂದೊಂದೂ 100 ಟನ್ ತೂಗುವ ನಾಲ್ಕು ಫಿರಂಗಿಗಳನ್ನು ತರಿಸಲು ನಿಶ್ಚಯವಾಯಿತು. ನಳಿಗೆಯ ಒಳವ್ಯಾಸ 450 ಮಿಲಿಮೀಟರ್. ನ್ಯೂಕಾಸಲ್ಲಿನ ಟೈನ್ ನದಿಯ ಮೇಲೆ ಹಡಗುಗಳಿಗೆ ದಾರಿ ಬಿಡಲು ಪಕ್ಕಕ್ಕೆ ತಿರುಗುವ ಸೇತುವೆಯೊಂದನ್ನು ಆಗತಾನೆ ಕಟ್ಟಿದ್ದರು. 1876ರ ಜುಲೈ 17ರಂದು ಆ ಸೇತುವೆಯನ್ನು ಮೊತ್ತಮೊದಲು ದಾಟಿದ ಹಡಗು ಇಟಲಿಯ ‘ಯೂರೋಪ’. ಅದು ಹೋಗುತ್ತಿದ್ದುದು ಈ ಫಿರಂಗಿಗಳಲ್ಲಿ ಮೊದಲನೆಯದನ್ನು ಹೇರಿಕೊಳ್ಳಲು.

ಫಿರಂಗಿಯ ಗುಂಡಿನ ತೂಕ ಸುಮಾರು 907 ಕಿಲೋಗ್ರಾಂ, ಎಂದರೆ ಕ್ವಿಂಟಾಲಿನ ಒಂಬತ್ತು ಅಕ್ಕಿಮೂಟೆಗಳಷ್ಟು. ಅದನ್ನು ಹಾರಿಸಲು ಸುಮಾರು ಎರಡು ಕ್ವಿಂಟಾಲ್ ಕರಿಮದ್ದು. ನಳಿಗೆಯಿಂದ ಹೊರಬೀಳುವಾಗ ಗುಂಡಿನ ವೇಗ ಸೆಕೆಂಡಿಗೆ ಸುಮಾರು 470 ಮೀಟರ್. ಈಗ ಪಾಠದ ಸೂತ್ರವನ್ನು ಅನ್ವಯಿಸೋಣ. ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ ಬರುತ್ತದೆ: ಸುಮಾರು 10 ಕೋಟಿ ಜೂಲ್. ಕೇಳಲು ಇದು ದೊಡ್ಡ ಸಂಖ್ಯೆ. ಆದರೆ ಮನಸ್ಸಿಗೆ ಹಿಡಿಯುವುದಿಲ್ಲ. ಹೀಗೆ ನೋಡಿ: ಇಷ್ಟು ಶಕ್ತಿಯನ್ನು ಎತ್ತುವ ಕೆಲಸಕ್ಕೆ ಪೂರ್ತಿಯಾಗಿ ಹಚ್ಚಿದರೆ, 11,100 ಟನ್ ತೂಕದ ಆ ಇಡೀ ಹಡಗನ್ನೇ ಒಂದು ಮೀಟರಿಗೆ ಸ್ವಲ್ಪ ಕಡಮೆ ಎತ್ತರಕ್ಕೆ ಎತ್ತಬಹುದು. ಒಂದೇ ಗುಂಡಿನಲ್ಲಿ!

ಹಾಗಾದರೆ ಗುಂಡು ಹಾರಿದಾಗ ಹಡಗಿನ ಗತಿಯೇನು? ತರಗತಿಯಲ್ಲಿ ಸಂವೇಗ ಸಂರಕ್ಷಣೆಯನ್ನು ವಿವರಿಸುವಾಗ ಕೋವಿ ಹೆಗಲಿಗೆ ಒದೆಯುವುದನ್ನು ಉದಾಹರಿಸುವುದು ವಾಡಿಕೆ. ಇಲ್ಲಿಯೂ ಅದೇ ನಿಯಮ. ಗುಂಡಿನ ಸಂವೇಗವನ್ನು 100 ಟನ್ ಫಿರಂಗಿಗೆ ಹಂಚಿದರೆ ಫಿರಂಗಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಿಂದ ಹಿನ್ನೆಗೆಯಬೇಕು. ಮದ್ದಿನ ಅನಿಲಗಳನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಅದೇ ಸಂವೇಗವನ್ನು ಇಡೀ ಹಡಗಿಗೆ ಹಂಚಿದರೆ ಬರುವ ವೇಗ ಸೆಕೆಂಡಿಗೆ 4 ಸೆಂಟಿಮೀಟರ್ ಮಾತ್ರ! ಹಡಗು ಹೆಚ್ಚುಕಡಮೆ ಅಲುಗುವುದೇ ಇಲ್ಲ. ಕಷ್ಟವೆಲ್ಲ ನಡುವೆ ಇರುವ ತಡೆಯದು. ಫಿರಂಗಿಯನ್ನು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಬೇಕೆಂದು ಇಟ್ಟುಕೊಂಡರೆ, ಅನಿಲಗಳ ಪಾಲನ್ನು ಬಿಟ್ಟರೂ, ಸುಮಾರು 60 ಟನ್ ತೂಕಕ್ಕೆ ಸಮನಾದ ಬಲವನ್ನು ಒಡ್ಡಬೇಕಾಗುತ್ತದೆ. ಹಗ್ಗ ಕಟ್ಟಿ ತಡೆಯುವ ಕಾಲ ಮುಗಿದಿತ್ತು. ಸಿಲಿಂಡರಿನೊಳಗಿನ ದ್ರವವನ್ನು ಕಿರಿದಾದ ರಂಧ್ರದ ಮೂಲಕ ಹಾಯುವಂತೆ ಮಾಡಿ ಹಿನ್ನೆಗೆತವನ್ನು ನುಂಗಿಸುವ ಜಲಯಂತ್ರಗಳನ್ನು ಬಳಸಿದರು.

ಇಷ್ಟು ಬಲವಾದ ಗುಂಡು ತನ್ನ ಕೈಯಲ್ಲಿರುವಾಗ, ನಾಳೆ ಶತ್ರುವಿನ ಕೈಯಲ್ಲಿಯೂ ಇರಬಹುದೆಂದು ಬ್ರಿನ್ ಯೋಚಿಸದೆ ಇರಲಿಲ್ಲ. 1876ರ ಶರತ್ಕಾಲದಲ್ಲಿ ಲಾ ಸ್ಪೆಟ್ಸಿಯ ಬಂದರಿನ ಸಮೀಪದ ಮುಜ್ಜಾನೋ ಎಂಬಲ್ಲಿ ಒಂದು ಪರೀಕ್ಷೆ ನಡೆಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ಕಾರ್ಖಾನೆಗಳು ಕಳುಹಿಸಿದ 22 ಅಂಗುಲ ದಪ್ಪದ ಹಲಗೆಗಳನ್ನು ನಿಲ್ಲಿಸಿ, ಅವುಗಳ ಮೇಲೆ ಈ ಹೊಸ ಫಿರಂಗಿಯನ್ನೇ ಹಾರಿಸಿದರು. ಮೆದುಕಬ್ಬಿಣದ ಹಲಗೆಗಳನ್ನು ಗುಂಡು ತೂತು ಮಾಡಿಕೊಂಡು ಹೋಯಿತು. ಕ್ರೂಸೋ ಎಂಬ ಊರಿನ ಷ್ನೈಡರ್ ಕಾರ್ಖಾನೆ ಕಳುಹಿಸಿದ್ದ ಉಕ್ಕಿನ ಹಲಗೆ ಬಿರುಕು ಬಿಟ್ಟು ಒಡೆಯಿತು. ಆದರೆ ಗುಂಡನ್ನು ಒಳಕ್ಕೆ ಬಿಡಲಿಲ್ಲ.

ಈ ಪರೀಕ್ಷೆಯ ಫಲವನ್ನು ಭೌತಶಾಸ್ತ್ರದ ವಿದ್ಯಾರ್ಥಿ ನಿಧಾನವಾಗಿ ನೋಡಬೇಕು. ಗಡಸುತನ ಬೇರೆ, ಜಿಗುಟುತನ ಬೇರೆ. ಮೆದುಕಬ್ಬಿಣ ಜಿಗುಟು: ಬಾಗುತ್ತದೆ, ಸುಲಭವಾಗಿ ಬಿರಿಯುವುದಿಲ್ಲ, ಆದರೆ ಗುಂಡು ತಾಗಿದ ಕಡೆ ಹರಿದು ದಾರಿ ಬಿಡುತ್ತದೆ. ಅಂದಿನ ಉಕ್ಕು ಗಡಸು: ಗುಂಡಿನ ಮೊನೆಯನ್ನು ಮುರಿದು, ಪೆಟ್ಟನ್ನು ಹಲಗೆಯ ಉದ್ದಗಲಕ್ಕೂ ಹರಡುತ್ತದೆ, ಆ ಶಕ್ತಿಯೆಲ್ಲ ಬಿರುಕುಗಳನ್ನು ಉಂಟುಮಾಡುವುದರಲ್ಲಿ ವ್ಯಯವಾಗುತ್ತದೆ. ಒಂದು ಪೆಟ್ಟಿಗೆ ಉಕ್ಕು ಮೇಲು. ಅದೇ ಜಾಗಕ್ಕೆ ಎರಡನೆಯ, ಮೂರನೆಯ ಪೆಟ್ಟು ಬಿದ್ದರೆ ಹಲಗೆ ಚೂರಾಗಿ ಕಳಚಿ ಬೀಳಬಹುದು. ಇಂಗ್ಲಿಷರು ಈ ಎರಡನೆಯ ಸಂಗತಿಗೆ ಹೆಚ್ಚು ಬೆಲೆ ಕೊಟ್ಟರು. ಇಟಲಿಯವರು ಮೊದಲನೆಯದಕ್ಕೆ ಬೆಲೆ ಕೊಟ್ಟು ಉಕ್ಕನ್ನೇ ಆರಿಸಿದರು. ಹೀಗೆ ಉಕ್ಕಿನ ಕವಚ ತೊಟ್ಟ ಮೊದಲ ಯುದ್ಧನೌಕೆ ಎಂಬ ಹೆಸರು ಡುಯಿಲಿಯೋಗೆ ಬಂದಿತು. ಅವರ ಆಯ್ಕೆ ಸರಿಯೆಂದೇ ನನ್ನ ಅಭಿಪ್ರಾಯ. ಮುಂದಿನ ಕವಚಗಳೆಲ್ಲ ಉಕ್ಕಿನ ದಾರಿಯಲ್ಲಿಯೇ ನಡೆದುವು.

ಆದರೆ ಈ ಕವಚದ ಬೆಲೆಯನ್ನು ತೂಕದಲ್ಲಿ ತೆರಬೇಕು. ಸುಮಾರು 55 ಸೆಂಟಿಮೀಟರ್ ದಪ್ಪದ ಉಕ್ಕಿನ ಒಂದು ಚದರ ಮೀಟರು 4.3 ಟನ್ ತೂಗುತ್ತದೆ. ಇಡೀ ಹಡಗಿಗೆ ಇದನ್ನು ತೊಡಿಸಿದರೆ ಹಡಗು ತೇಲುವುದೇ ಇಲ್ಲ. ಆದುದರಿಂದ ಯಂತ್ರಗಳು, ಮದ್ದಿನ ಕೋಣೆ ಮತ್ತು ಎರಡು ತಿರುಗುಗೋಪುರಗಳ ಬುಡ ಇವಿಷ್ಟನ್ನು ಹಡಗಿನ ನಡುವೆ ಒತ್ತೊತ್ತಾಗಿ ಇಟ್ಟು, ಅವುಗಳ ಸುತ್ತ ಮಾತ್ರ ಕೋಟೆಯಂತೆ ದಪ್ಪ ಕವಚವನ್ನು ಕಟ್ಟಿದರು. ಗೋಪುರಗಳು ಒಂದರ ಹಿಂದೆ ಒಂದಲ್ಲದೆ ಓರೆಯಾಗಿ, ಒಂದು ಬಲಕ್ಕೆ ಒಂದು ಎಡಕ್ಕೆ ನಿಂತಿದ್ದುವು. ಒಂದೊಂದು ಗೋಪುರದಲ್ಲಿ ಎರಡೆರಡು ಫಿರಂಗಿ. ಹಡಗಿನ ಎರಡು ತುದಿಗಳಲ್ಲಿಯೂ ಪಕ್ಕದ ಕವಚವಿಲ್ಲ. ನೀರಿನ ಮಟ್ಟದ ಕೆಳಗೆ ಕವಚದ ಹಲಗೆಯನ್ನು ಹಾಸಿ, ನೀರು ನುಗ್ಗದ ಸಣ್ಣ ಸಣ್ಣ ಕೋಣೆಗಳಾಗಿ ತುದಿಗಳನ್ನು ಭಾಗಿಸಿ ಬಿಟ್ಟಿದ್ದರು.

ಇಲ್ಲಿಯೇ ದೊಡ್ಡ ವಾದವೊಂದು ಎದ್ದಿತು. ಇಂಗ್ಲಿಷರು ಡುಯಿಲಿಯೋಗೆ ಎದುರಾಗಿ ‘ಇನ್‌ಫ್ಲೆಕ್ಸಿಬಲ್’ ಎಂಬ ನೌಕೆಯನ್ನು ಇದೇ ಮಾದರಿಯಲ್ಲಿ, 80 ಟನ್ನಿನ ಫಿರಂಗಿಗಳೊಡನೆ ಕಟ್ಟುತ್ತಿದ್ದರು. 1877ರಲ್ಲಿ ಪ್ರಸಿದ್ಧ ನೌಕಾಶಿಲ್ಪಿ ಎಡ್ವರ್ಡ್ ರೀಡ್ ಇಂತಹ ನೌಕೆಯ ತುದಿಗಳು ಗುಂಡೇಟಿನಿಂದ ಜರಡಿಯಾಗಿ ನೀರು ತುಂಬಿದರೆ, ಕವಚದ ಕೋಟೆ ಚೆನ್ನಾಗಿದ್ದರೂ ಹಡಗು ಮಗುಚಿಕೊಳ್ಳುವುದೆಂದು ಬಹಿರಂಗವಾಗಿ ವಾದಿಸಿದನು. ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಹಡಗು ಒಂದು ಮಗ್ಗುಲಿಗೆ ವಾಲಿದಾಗ ಗುರುತ್ವ ಕೇಂದ್ರ ಇದ್ದಲ್ಲಿಯೇ ಇರುತ್ತದೆ. ನೀರಿನೊಳಗಿನ ಭಾಗದ ಆಕಾರ ಬದಲಾಗುವುದರಿಂದ ತೇಲುಬಲದ ಕೇಂದ್ರ ಮಾತ್ರ ವಾಲಿದ ಕಡೆಗೆ ಸರಿಯುತ್ತದೆ. ಅಲ್ಲಿಂದ ಮೇಲಕ್ಕೆ ಎಳೆದ ಲಂಬರೇಖೆ ಹಡಗಿನ ನಡುರೇಖೆಯನ್ನು ಸಂಧಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ಈ ಬಿಂದು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ಹಡಗು ತಾನಾಗಿ ನೆಟ್ಟಗಾಗುತ್ತದೆ; ಕೆಳಗಿದ್ದರೆ ಮಗುಚುತ್ತದೆ. ತೇಲುಬಲದ ಕೇಂದ್ರದಿಂದ ಮೆಟಾಸೆಂಟರಿಗಿರುವ ಎತ್ತರವಾದರೋ, ನೀರಿನ ಮಟ್ಟದಲ್ಲಿ ಹಡಗಿನ ಉದ್ದವನ್ನೂ ಅಗಲದ ಘನವನ್ನೂ ಅವಲಂಬಿಸಿದೆ. ತುದಿಗಳಲ್ಲಿ ಸಮುದ್ರವೇ ಒಳಹೊರಗೆ ಆಡುತ್ತಿದ್ದರೆ ಆ ಉದ್ದ ಲೆಕ್ಕಕ್ಕೆ ಬರುವುದಿಲ್ಲ. ಹಡಗು ನೂರು ಮೀಟರ್ ಉದ್ದವಿದ್ದರೂ ನೀರು ಅದನ್ನು ಕೋಟೆಯಷ್ಟೇ ಉದ್ದದ ಹಡಗೆಂದು ಎಣಿಸುತ್ತದೆ. ನೂರಾರು ಟನ್ ಫಿರಂಗಿ ಮತ್ತು ಗೋಪುರಗಳೋ ಬಹಳ ಮೇಲಿವೆ. ಸರ್ಕಾರ ನೇಮಿಸಿದ ಸಮಿತಿ, ತುದಿಗಳು ಅಷ್ಟು ಪೂರ್ಣವಾಗಿ ನಾಶವಾಗುವುದು ಯುದ್ಧದಲ್ಲಿ ಸಂಭವವಲ್ಲವೆಂದು ತೀರ್ಮಾನಿಸಿತು. 1877ರ ಫಿರಂಗಿಗಳನ್ನು ನೋಡಿದರೆ ಅದು ಸರಿಯಾದ ಮಾತೇ ಆಗಿತ್ತು. ಅಂದಿನ ಫಿರಂಗಿಗಳು ನಿಧಾನವಾಗಿ ಹಾರುತ್ತಿದ್ದುವು.

ಎಷ್ಟು ನಿಧಾನ? ಡುಯಿಲಿಯೋವಿನ ಫಿರಂಗಿಗಳಿಗೆ ಮದ್ದು ಗುಂಡುಗಳನ್ನು ತುಂಬಬೇಕಾದುದು ಬಾಯಿಯ ಕಡೆಯಿಂದ. ಹಾರಿಸಿದ ಮೇಲೆ ಗೋಪುರವನ್ನು ತಿರುಗಿಸಿ, ನಳಿಗೆಯ ಬಾಯಿಯನ್ನು ಕೆಳಕ್ಕೆ ಬಗ್ಗಿಸಿ, ಕವಚದ ಮರೆಯಲ್ಲಿರುವ ಜಲಯಂತ್ರದ ದಂಡಕ್ಕೆ ಸರಿಯಾಗಿ ಹಿಡಿಯಬೇಕು. ಆ ದಂಡ ಕೆಳಗಿನಿಂದ ಮದ್ದನ್ನೂ ಗುಂಡನ್ನೂ ನೂಕುತ್ತದೆ. ಮತ್ತೆ ಗೋಪುರವನ್ನು ತಿರುಗಿಸಿ ಗುರಿ ಹಿಡಿಯಬೇಕು. ಇಷ್ಟಕ್ಕೆ ಸುಮಾರು ಕಾಲು ಗಂಟೆ ಹಿಡಿಯುತ್ತಿತ್ತು. ಆ ಕಾಲು ಗಂಟೆಯಲ್ಲಿ 15 ನಾಟ್ ವೇಗದ ಶತ್ರುನೌಕೆ 7 ಕಿಲೋಮೀಟರ್ ಚಲಿಸಿಬಿಡುತ್ತದೆ.

ಬಾಯಿಯಿಂದ ತುಂಬುವ ಫಿರಂಗಿಗೆ ಇನ್ನೊಂದು ಅಪಾಯವೂ ಇತ್ತು: ಒಳಗೆ ಏನಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. 1879ರ ಜನವರಿಯಲ್ಲಿ ಬ್ರಿಟಿಷ್ ನೌಕೆ ‘ಥಂಡರರ್’ನಲ್ಲಿ ಒಂದು ಫಿರಂಗಿ ಹಾರದೆ ಉಳಿದುದನ್ನು ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಅದರ ಮೇಲೆಯೇ ಎರಡನೆಯ ಸಲ ತುಂಬಿ ಹಾರಿಸಿದಾಗ ನಳಿಗೆ ಸಿಡಿದು 11 ಮಂದಿ ಸತ್ತರು. ಮರುವರ್ಷ ಮಾರ್ಚಿಯಲ್ಲಿ ಡುಯಿಲಿಯೋವಿನದೇ ಒಂದು ಫಿರಂಗಿ ಪರೀಕ್ಷೆಯ ಕಾಲದಲ್ಲಿ ಒಡೆಯಿತು. ನೌಕೆ ಸೇವೆಗೆ ಸೇರಿ ಆಗಿನ್ನೂ ಮೂರು ತಿಂಗಳಾಗಿರಲಿಲ್ಲ.

ಆದರೂ ಅದರ ಭಯ ದೂರದವರೆಗೆ ಹಬ್ಬಿತ್ತು. ಡುಯಿಲಿಯೋ ಬಂದು ಮಾಲ್ಟಾ ದ್ವೀಪದ ಕೋಟೆಗಳನ್ನು ದೂರದಿಂದಲೇ ಕೆಡವಬಹುದೆಂದು ಇಂಗ್ಲಿಷರು ಹೆದರಿ, 1878ರಲ್ಲಿ ಅದೇ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಿಂದ ಅಂತಹವೇ ನಾಲ್ಕು 100 ಟನ್ ಫಿರಂಗಿಗಳನ್ನು ಕೊಂಡುಕೊಂಡರು. ಎರಡು ಮಾಲ್ಟಾಕ್ಕೆ, ಎರಡು ಜಿಬ್ರಾಲ್ಟರಿಗೆ ಹೋದುವು. ಮಾರಿದವನಿಗೆ ಎರಡು ಕಡೆಯಿಂದಲೂ ಲಾಭ! ಆ ನಾಲ್ಕರಲ್ಲಿ ಒಂದೊಂದು ಮಾಲ್ಟಾದ ರಿನೆಲ್ಲ ಕೋಟೆಯಲ್ಲಿಯೂ ಜಿಬ್ರಾಲ್ಟರಿನಲ್ಲಿಯೂ ಇಂದಿಗೂ ಉಳಿದಿವೆ, ಹೋದವರು ನೋಡಬಹುದು.

ಇನ್ನು ಹಡಗಿನ ಸೇವೆಯ ವಿಷಯ. ಇದನ್ನು ಹೇಳಲು ಹೆಚ್ಚು ಮಾತು ಬೇಡ. ಡುಯಿಲಿಯೋ ಇಟಲಿಯ ಸಕ್ರಿಯ ದಳದಲ್ಲಿಯೂ ಮೀಸಲು ದಳದಲ್ಲಿಯೂ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕೆಲಸ ಮಾಡಿತು; ಅಭ್ಯಾಸಗಳಲ್ಲಿ ಭಾಗವಹಿಸಿತು; ಯಾವ ಯುದ್ಧದಲ್ಲಿಯೂ ಶತ್ರುನೌಕೆಯನ್ನು ಎದುರಿಸಲಿಲ್ಲ. ಆ ಅವಧಿಯಲ್ಲಿ ಅದನ್ನು ಸೋಲಿಸಿದವರು ರಸಾಯನಶಾಸ್ತ್ರಜ್ಞರೂ ಲೋಹಶಾಸ್ತ್ರಜ್ಞರೂ ಎನ್ನಬೇಕು.

ಕರಿಮದ್ದು ಒಮ್ಮೆಲೆ ಉರಿಯುತ್ತದೆ. ನಳಿಗೆಯ ಬುಡದಲ್ಲಿ ಒತ್ತಡ ತಟ್ಟನೆ ಏರಿ ಬೇಗ ಇಳಿದುಹೋಗುತ್ತದೆ. ಗುಂಡಿಗೆ ದೊರೆಯುವ ಶಕ್ತಿ ಎಂದರೆ ಬಲ ಮತ್ತು ದೂರಗಳ ಗುಣಲಬ್ಧ. ಬಲ ಬೇಗ ಇಳಿಯುವುದಾದರೆ ನಳಿಗೆಯನ್ನು ಉದ್ದ ಮಾಡಿ ಪ್ರಯೋಜನವಿಲ್ಲ. ಬಾಯಿಯಿಂದ ತುಂಬುವ ನಳಿಗೆಯನ್ನು ಗೋಪುರದಲ್ಲಿ ಬಹಳ ಉದ್ದ ಮಾಡಲೂ ಆಗದು. ಹೀಗಾಗಿ ಶಕ್ತಿ ಬೇಕೆಂದರೆ ನಳಿಗೆಯನ್ನು ದಪ್ಪ ಮಾಡುವುದೊಂದೇ ದಾರಿಯಾಗಿತ್ತು. 450 ಮಿಲಿಮೀಟರಿನ ರಹಸ್ಯ ಇದೇ. ನಿಧಾನವಾಗಿ ಉರಿಯುವ ಕಂದು ಮದ್ದು ಬಂದ ಮೇಲೆ, ಅದರ ಹಿಂದೆಯೇ 1884ರಲ್ಲಿ ಫ್ರಾನ್ಸಿನ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ, ಒತ್ತಡ ನಳಿಗೆಯ ಉದ್ದಕ್ಕೂ ನೂಕುತ್ತ ಬರುವಂತಾಯಿತು. ಹಿಂಬದಿಯಿಂದ ತುಂಬುವ, ಉದ್ದವಾದ, ಸಣ್ಣ ಫಿರಂಗಿಗಳು ಹುಟ್ಟಿದುವು. ವೇಗದ ವರ್ಗಕ್ಕೆ ಶಕ್ತಿ ಹೆಚ್ಚುವುದರಿಂದ ತೂಕ ಕಡಮೆಯಾದರೂ ನಷ್ಟವಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವು ಬೇಗ ಬೇಗ ಹಾರಿದುವು.

ಒಂದು ಲೆಕ್ಕ ಮಾಡೋಣ. ಡುಯಿಲಿಯೋವಿನ ದೊಡ್ಡ ಫಿರಂಗಿ ಕಾಲು ಗಂಟೆಗೊಮ್ಮೆ 10 ಕೋಟಿ ಜೂಲ್ ಕೊಡುತ್ತದೆ. ನಿಮಿಷಕ್ಕೆ ಸರಾಸರಿ 67 ಲಕ್ಷ ಆಯಿತು. 120 ಮಿಲಿಮೀಟರಿನ ಶೀಘ್ರ ಫಿರಂಗಿಯೊಂದು 20 ಕಿಲೋಗ್ರಾಂ ಗುಂಡನ್ನು ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಎಸೆಯುವುದೆಂದು ದುಂಡಾಗಿ ಇಟ್ಟುಕೊಳ್ಳಿ: ಒಂದು ಗುಂಡಿಗೆ 36 ಲಕ್ಷ ಜೂಲ್. ನಿಮಿಷಕ್ಕೆ ಐದು ಗುಂಡಾದರೆ 1 ಕೋಟಿ 80 ಲಕ್ಷ! ನೂರು ಟನ್ನಿನ ದೈತ್ಯನಿಗಿಂತ ಎರಡೂವರೆ ಪಾಲಿಗೂ ಹೆಚ್ಚು. ಈ ಸಣ್ಣ ಗುಂಡು 55 ಸೆಂಟಿಮೀಟರ್ ಉಕ್ಕನ್ನು ಏನೂ ಮಾಡಲಾರದೆಂಬುದು ನಿಜ. ಆದರೆ ಕವಚವಿಲ್ಲದ ಆ ಎರಡು ತುದಿಗಳನ್ನು ನೆನೆಯಿರಿ. ಅವುಗಳನ್ನು ಜರಡಿ ಮಾಡಲು ದೊಡ್ಡ ಗುಂಡು ಬೇಕಿಲ್ಲ, ಬಹಳ ಗುಂಡುಗಳು ಬೇಕು. 1877ರಲ್ಲಿ ಸಮಿತಿ ಅಸಂಭವವೆಂದುದು ಹತ್ತು ಹದಿನೈದು ವರ್ಷಗಳಲ್ಲಿ ಸಂಭವದ ಹತ್ತಿರಕ್ಕೆ ಬಂದಿತು. 1890ರಲ್ಲಿ ಡುಯಿಲಿಯೋಗೂ ಮೂರು 120 ಮಿಲಿಮೀಟರ್ ಫಿರಂಗಿಗಳನ್ನು ಜೋಡಿಸಿದರು.

ಕವಚದ ಕಡೆಯೂ ಇದೇ ಕಥೆ. ಮೇಲ್ಮೈಯನ್ನು ಮಾತ್ರ ಗಡಸು ಮಾಡಿ ಒಳಭಾಗವನ್ನು ಜಿಗುಟಾಗಿಯೇ ಉಳಿಸುವ ವಿಧಾನಗಳನ್ನು ಮೊದಲು ಅಮೆರಿಕದ ಹಾರ್ವೆಯೂ ಅನಂತರ ಜರ್ಮನಿಯ ಕ್ರುಪ್ ಕಾರ್ಖಾನೆಯವರೂ 1890ರ ದಶಕದಲ್ಲಿ ತಂದರು. ಮುಜ್ಜಾನೋದಲ್ಲಿ ಒಂದೊಂದು ಲೋಹದಲ್ಲಿ ಒಂದೊಂದಾಗಿ ಕಂಡಿದ್ದ ಗುಣಗಳು ಒಂದೇ ಹಲಗೆಯಲ್ಲಿ ಸೇರಿದುವು. 15 ಅಂಗುಲ ಮೆದುಕಬ್ಬಿಣದ ಕೆಲಸವನ್ನು ಹಳೆಯ ಉಕ್ಕು 12 ಅಂಗುಲದಲ್ಲಿ, ಹಾರ್ವೆಯ ಉಕ್ಕು ಏಳೂವರೆ ಅಂಗುಲದಲ್ಲಿ, ಕ್ರುಪ್ ಉಕ್ಕು ಆರು ಅಂಗುಲಕ್ಕೂ ಕಡಮೆಯಲ್ಲಿ ಮಾಡುತ್ತದೆಂದು ಸ್ಥೂಲವಾಗಿ ಎಣಿಸುತ್ತಿದ್ದರು. ಹೊಸ ಹಡಗುಗಳು ಅದೇ ತೂಕದಲ್ಲಿ ಎರಡರಷ್ಟು ಜಾಗವನ್ನು ಮುಚ್ಚಬಲ್ಲವಾದುವು.

ಡುಯಿಲಿಯೋವಿನ ಜೋಡಿ ನೌಕೆ ‘ಡಾಂಡೊಲೋ’. ಅದರಲ್ಲಿ 1895ರಿಂದ 1898ರವರೆಗೆ ದೊಡ್ಡ ದುರಸ್ತಿ ನಡೆಸಿ, 450 ಮಿಲಿಮೀಟರಿನ ನಾಲ್ಕು ಫಿರಂಗಿಗಳನ್ನೂ ತೆಗೆದುಹಾಕಿ 254 ಮಿಲಿಮೀಟರಿನವನ್ನು ಕೂಡಿಸಿದರು. ಡುಯಿಲಿಯೋಗೆ ಆ ಭಾಗ್ಯ ಬರಲಿಲ್ಲ. 1902ರ ಹೊತ್ತಿಗೆ ಅದು ಯುದ್ಧದ ಸಾಲಿನಿಂದ ಹೊರಬಂದು ತರಬೇತಿಯ ಹಡಗಾಯಿತು. 1909ರಲ್ಲಿ ನೌಕಾಪಡೆಯ ಪಟ್ಟಿಯಿಂದ ಅದರ ಹೆಸರನ್ನು ಹೊಡೆದುಹಾಕಿ, ಬೇರೆ ಹಡಗುಗಳಿಗೆ ಬೇಕಾದ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಕೂಡಿಡುವ ತೇಲುವ ಉಗ್ರಾಣವನ್ನಾಗಿ ಮಾರ್ಪಡಿಸಿದರು. ರೋಮನ್ ಸೇನಾನಿಯ ಹೆಸರನ್ನು ಕೆಲವು ವರ್ಷಗಳಲ್ಲಿ ಮತ್ತೊಂದು ಹೊಸ ಯುದ್ಧನೌಕೆಗೆ ಇಟ್ಟರು. ಹಳೆಯ ಹಡಗಿಗೆ ಉಳಿದುದು ಒಂದು ಗುರುತು ಮಾತ್ರ: ಜಿ. ಎಂ. 40.